ಒಂದು ಮನೆ, ಮೂರು ದೇಶ: ಬ್ಲೂ-ರೇ ಪ್ಲೇಯರ್‌ಗೆ ಈಗ ದುಡ್ಡು ಹಾಕಬೇಕಾ?

ಹೀಗೊಂದು ಮನೆ ಇದೆ ಅಂತ ಇಟ್ಟುಕೊಳ್ಳಿ. ಅಮ್ಮ ಕುಂದಾಪುರದಲ್ಲಿ. ಅಣ್ಣ ಶಾರ್ಜಾದಲ್ಲಿ. ತಮ್ಮ ಜಪಾನಿನ ಗ್ಯೋಟೋಕುವಿನಲ್ಲಿ. ಮೂವರೂ ಒಟ್ಟಿಗೆ ಕೂತು ಊಟ ಮಾಡುವುದು ಎರಡು ವರ್ಷಕ್ಕೊಮ್ಮೆ. ರಜೆಗೆ ಹೊರಡುವ ಹದಿನೈದು ದಿನ ಮುಂಚೆ ತಮ್ಮ ಫೋನ್ ಮಾಡುತ್ತಾನೆ. "ಅಣ್ಣಾ, ಇಲ್ಲಿ ಅಕಿಹಬಾರಾದಲ್ಲಿ ಬ್ಲೂ-ರೇ ಪ್ಲೇಯರ್ ನೋಡಿದೆ. ಸೆಕೆಂಡ್ ಹ್ಯಾಂಡ್, ಆದ್ರೆ ಹೊಸದರ ಹಾಗೇ ಇದೆ. ಅಮ್ಮನಿಗೆ ತಕೊಂಡು ಬರ್ಲಾ? ನಿನ್ನ ಮದುವೆ ಸಿಡಿ ನೋಡ್ಬೇಕು ಅಂತ ಹೋದ ಸಲವೂ ಹೇಳ್ತಾ ಇದ್ರು."

ಅಣ್ಣ ಏನು ಉತ್ತರ ಕೊಡಬೇಕು?

ಮನೆ ನಾವು ಕಲ್ಪಿಸಿಕೊಂಡದ್ದು. ಆದರೆ ಇಂಥ ಫೋನ್ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಒಂದು ಕಾಲಕ್ಕೆ ಗಲ್ಫ್‌ನಿಂದ ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಟೂ-ಇನ್-ಒನ್ ಇರಲೇಬೇಕಿತ್ತು. ಆಮೇಲೆ ವಿಸಿಆರ್ ಬಂತು, ವಿಸಿಡಿ ಪ್ಲೇಯರ್ ಬಂತು, ಡಿವಿಡಿ ಬಂತು. ಈಗ ಎಚ್‌ಡಿ ಡಿಸ್ಕ್ ಪ್ಲೇಯರ್, ಅಂದರೆ ಬ್ಲೂ-ರೇ ಮತ್ತು ಅದರ 4ಕೆ ಅಣ್ಣನ ಸರದಿ. ತಯಾರಿಸುವ ಕಂಪೆನಿಗಳೇ ಒಂದೊಂದಾಗಿ ಅಂಗಡಿ ಮುಚ್ಚುತ್ತಿರುವ ಹೊತ್ತಿನಲ್ಲಿ ಇದಕ್ಕೆ ನಮ್ಮ ದುಡ್ಡು ಹಾಕುವುದು ಸರಿಯೇ ಅನ್ನುವುದು ಇಲ್ಲಿಯ ಪ್ರಶ್ನೆ.

ಬಾಗಿಲು ಮುಚ್ಚುವ ಸದ್ದು

ಮೊದಲು ಸುದ್ದಿ ನೋಡೋಣ. 4ಕೆ ಡಿಸ್ಕ್ ಪ್ಲೇಯರ್‌ಗಳಿಗೆ ಹೆಸರಾಗಿದ್ದ ಒಪ್ಪೋ 2018ರಲ್ಲೇ ಆ ವ್ಯಾಪಾರ ಬಿಟ್ಟಿತು. 2019ರಲ್ಲಿ ಸ್ಯಾಮ್ಸಂಗ್ ಅಮೆರಿಕದ ಮಾರುಕಟ್ಟೆಗೆ ಹೊಸ ಬ್ಲೂ-ರೇ ಪ್ಲೇಯರ್ ತರುವುದಿಲ್ಲ ಎಂದಿತು. 2023ರ ಫೆಬ್ರವರಿಯಲ್ಲಿ ಪ್ಯಾನಸೋನಿಕ್ ಖಾಲಿ ಬ್ಲೂ-ರೇ ಡಿಸ್ಕ್ ತಯಾರಿಕೆ ನಿಲ್ಲಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ ಅಂಚೆಯ ಮೂಲಕ ಡಿಸ್ಕ್ ಕಳಿಸುವ ತನ್ನ ಹಳೆಯ ಸೇವೆಗೆ ಮಂಗಳ ಹಾಡಿತು. 2024ರ ಅಕ್ಟೋಬರ್‌ನಲ್ಲಿ ಜಪಾನಿನ ಫುನಾಯ್ ಎಲೆಕ್ಟ್ರಿಕ್ ದಿವಾಳಿಯಾಯಿತು. ಜಗತ್ತಿನ ಕೊನೆಯ ವಿಸಿಆರ್ ತಯಾರಿಸಿ 2016ರ ಜುಲೈಯಲ್ಲಿ ನಿಲ್ಲಿಸಿದ್ದು ಇದೇ ಫುನಾಯ್. 2024ರ ಕೊನೆಗೆ ಎಲ್‌ಜಿ ಕೂಡ ಬ್ಲೂ-ರೇ ಪ್ಲೇಯರ್‌ಗಳಿಂದ ಹಿಂದೆ ಸರಿಯಿತು. 2025ರ ಫೆಬ್ರವರಿಯಲ್ಲಿ ಬ್ಲೂ-ರೇಯನ್ನು ಹುಟ್ಟಿಸಿದ ಸೋನಿಯೇ ಮನೆಯಲ್ಲಿ ರೆಕಾರ್ಡ್ ಮಾಡುವ ಖಾಲಿ ಡಿಸ್ಕ್‌ಗಳ ಉತ್ಪಾದನೆ ಮುಗಿಸಿತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ನಿಂತದ್ದು ಖಾಲಿ ಡಿಸ್ಕ್. ಸಿನಿಮಾ ತುಂಬಿದ ಡಿಸ್ಕ್‌ಗಳು ಈಗಲೂ ಬರುತ್ತಿವೆ. ಪ್ಲೇಯರ್‌ಗಳೂ ಸೋನಿ, ಪ್ಯಾನಸೋನಿಕ್‌ನಂಥ ಕೆಲವು ಹೆಸರುಗಳಲ್ಲಿ ಸಿಗುತ್ತವೆ. "ಬ್ಲೂ-ರೇ ಸತ್ತೇಹೋಯಿತು" ಅನ್ನುವ ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ. ಹಾಗಂತ ಇದು ಬೆಳೆಯುವ ವ್ಯಾಪಾರವೂ ಅಲ್ಲ. ಈಗ ಕೊಂಡ ಯಂತ್ರ ಐದು ವರ್ಷದ ಮೇಲೆ ಕೆಟ್ಟರೆ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯನ್ನು ಈಗಲೇ ಕೇಳಿಕೊಳ್ಳಬೇಕು.

ಮೊದಲು ಕೊಂಡವರ ಕಥೆ

ಇಂಥ ಯಂತ್ರದ ಬೆಲೆ ಹೇಗೆ ಇಳಿಯುತ್ತದೆ, ಯಾರ ದುಡ್ಡು ಮುಳುಗುತ್ತದೆ ಅನ್ನುವುದಕ್ಕೆ ಜಪಾನಿಗಿಂತ ಒಳ್ಳೆಯ ಪಾಠ ಇಲ್ಲ.

2003ರ ಏಪ್ರಿಲ್ 10ರಂದು ಸೋನಿ ಜಗತ್ತಿನ ಮೊದಲ ಬ್ಲೂ-ರೇ ಯಂತ್ರವನ್ನು ಜಪಾನಿನಲ್ಲಿ ಮಾರಾಟಕ್ಕಿಟ್ಟಿತು. ಬೆಲೆ ಸುಮಾರು 4 ಲಕ್ಷ 50 ಸಾವಿರ ಯೆನ್. ಆಗಿನ ವಿನಿಮಯ ದರದಲ್ಲಿ ಹೆಚ್ಚುಕಮ್ಮಿ ಒಂದು ಮುಕ್ಕಾಲು ಲಕ್ಷ ರೂಪಾಯಿ. ಅದು ಬರೀ ಪ್ಲೇಯರ್ ಅಲ್ಲ, ರೆಕಾರ್ಡರ್. ಜಪಾನಿನ ಮನೆಗಳಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿ ಇಟ್ಟುಕೊಳ್ಳುವುದು ದೊಡ್ಡ ಅಭ್ಯಾಸ. ಎಚ್‌ಡಿ ಪ್ರಸಾರ ಬಂದ ಮೇಲೆ ಅದನ್ನು ಹಿಡಿದಿಡಲು ಡಿವಿಡಿಯ 4.7 ಜಿಬಿ ಸಾಲದೆ ಹೋಯಿತು. 25 ಜಿಬಿ ಹಿಡಿಸುವ ಬ್ಲೂ-ರೇ ಬಂದದ್ದು ಆ ಅಗತ್ಯಕ್ಕೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

2006ರಲ್ಲಿ ತೋಶಿಬಾ "ಎಚ್‌ಡಿ ಡಿವಿಡಿ" ಎಂಬ ಪ್ರತಿಸ್ಪರ್ಧಿಯನ್ನು ಇಳಿಸಿತು. ಒಂದರ ಡಿಸ್ಕ್ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಆ ವರ್ಷ ಅಮೆರಿಕದಲ್ಲಿ ಸ್ಯಾಮ್ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರ್‌ಗೆ ಸಾವಿರ ಡಾಲರ್, ತೋಶಿಬಾದ ಎಚ್‌ಡಿ ಡಿವಿಡಿ ಪ್ಲೇಯರ್‌ಗೆ ಅದರ ಅರ್ಧ. ಬೆಲೆ ನೋಡಿದವರು ತೋಶಿಬಾ ಕಡೆ ವಾಲಿದರು. ಅದೇ ನವೆಂಬರ್‌ನಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 3 ಗೇಮ್ ಯಂತ್ರದೊಳಗೇ ಬ್ಲೂ-ರೇ ಕೂರಿಸಿ, ಜಪಾನಿನಲ್ಲಿ 49,980 ಯೆನ್‌ನಿಂದ ಮಾರಲು ತೊಡಗಿತು. ಗೇಮ್‌ಗೆ ಅಂತ ಕೊಂಡವರ ಮನೆಗೆಲ್ಲ ಬ್ಲೂ-ರೇ ಹೊಕ್ಕಿತು. 2008ರ ಜನವರಿ 4ರಂದು ವಾರ್ನರ್ ಸಂಸ್ಥೆ ಇನ್ನು ಬ್ಲೂ-ರೇ ಮಾತ್ರ ಎಂದು ಘೋಷಿಸಿತು. ಫೆಬ್ರವರಿ 19ಕ್ಕೆ ತೋಶಿಬಾ ಕೈಚೆಲ್ಲಿತು. ಎರಡು ವರ್ಷ ತುಂಬುವ ಮೊದಲೇ, ಕಡಿಮೆ ಬೆಲೆ ಅಂತ ಎಚ್‌ಡಿ ಡಿವಿಡಿ ಕೊಂಡವರ ಕೈಯಲ್ಲಿ ಹೊಸ ಸಿನಿಮಾ ಬಾರದ ಪೆಟ್ಟಿಗೆ ಉಳಿಯಿತು.

ಇದರಿಂದ ಕಲಿಯುವುದು ಎರಡು. ಮೊದಲ ವರ್ಷದ ಬೆಲೆಗೆ ಕೊಳ್ಳುವವನು ಕಂಪೆನಿಯ ಪ್ರಯೋಗಕ್ಕೆ ದುಡ್ಡು ಕೊಡುತ್ತಾನೆ. ಇಷ್ಟು ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ಹೆಚ್ಚು ಜನ ಹೇಳುವುದಿಲ್ಲ. ಅಗ್ಗವಾದದ್ದು ಯಾವಾಗಲೂ ಲಾಭವಲ್ಲ. ಯಂತ್ರದ ಬೆಲೆ ಅಂಗಡಿಯ ಚೀಟಿಯಲ್ಲಿ ಇರುವುದಿಲ್ಲ, ಅದರೊಳಗೆ ನೀವು ಏನು ಹಾಕಿ ನೋಡುತ್ತೀರಿ ಅನ್ನುವುದರಲ್ಲಿ ಇರುತ್ತದೆ.

ಗ್ಯೋಟೋಕುವಿನಿಂದ ಅಕಿಹಬಾರಾಕ್ಕೆ

ಈಗ ತಮ್ಮನ ಹತ್ತಿರ ಹೋಗೋಣ. ಗ್ಯೋಟೋಕು ಇರುವುದು ಚಿಬಾ ಪ್ರಾಂತದ ಇಚಿಕಾವಾ ನಗರದಲ್ಲಿ, ಟೋಕಿಯೋದಿಂದ ಎಡೋ ನದಿ ದಾಟಿದರೆ ಸಿಗುವ ಬದಿ. ಹಿಂದೆ ಉಪ್ಪಿನ ಗದ್ದೆಗಳ ಊರು. ಶೋಗುನ್‌ಗಳ ಕಾಲದಲ್ಲಿ ಟೋಕಿಯೋಗೆ ಉಪ್ಪು ಹೋಗುತ್ತಿದ್ದದ್ದು ಇಲ್ಲಿಂದ, ಅದನ್ನು ಸಾಗಿಸಲೆಂದೇ ಕಾಲುವೆ ತೋಡಿದ್ದರು. ಈಗ ತೋಝಾಯ್ ಮೆಟ್ರೋ ಮಾರ್ಗದ ವಸತಿ ಪ್ರದೇಶ. ಭಾರತೀಯರು ಹೆಚ್ಚಾಗಿರುವ ನಿಶಿ-ಕಸಾಯ್ ಇದೇ ಮಾರ್ಗದಲ್ಲಿ ನಾಲ್ಕು ನಿಲ್ದಾಣ ಈಚೆಗಿದೆ. ಗಲ್ಫ್‌ನವರಿಗೆ ಹೇಳಬೇಕೆಂದರೆ, ದುಬೈಯಲ್ಲಿ ಕೆಲಸ ಮಾಡಿ ಶಾರ್ಜಾದಲ್ಲಿ ಮನೆ ಮಾಡಿದ ಹಾಗೆ.

ಗ್ಯೋಟೋಕುವಿನಲ್ಲಿ ಮೆಟ್ರೋ ಹತ್ತಿ ಕಯಬಾಚೋದಲ್ಲಿ ಹಿಬಿಯಾ ಮಾರ್ಗಕ್ಕೆ ಬದಲಿಸಿದರೆ ಅಕಿಹಬಾರಾ, ಎಲೆಕ್ಟ್ರಾನಿಕ್ಸ್‌ಗೆ ಹೆಸರಾದ ಪೇಟೆ. ಹಳೆಯ ಸಾಮಾನನ್ನು ತೊಳೆದು ಒರೆಸಿ, ಪರೀಕ್ಷಿಸಿ, ಚೀಟಿ ಅಂಟಿಸಿ ಮಾರುವ ಅಂಗಡಿಗಳು ಜಪಾನಿನಲ್ಲಿ ಎಲ್ಲೆಡೆ ಇವೆ. ಹಾಗಾಗಿ ತಮ್ಮನಿಗೆ ಸಿಕ್ಕ ಪ್ಲೇಯರ್ ಖಂಡಿತ ಚೆನ್ನಾಗಿಯೇ ಇರಬಹುದು. ತೊಂದರೆ ಇರುವುದು ಯಂತ್ರದಲ್ಲಲ್ಲ, ಅದು ಯಾವ ಊರಿಗೆ ಅಂತ ಹುಟ್ಟಿದೆಯೋ ಅದರಲ್ಲಿ. ಒಂದೊಂದಾಗಿ ನೋಡಿ.

ಒಂದು, ಕರೆಂಟು. ಜಪಾನಿನ ಮನೆಗಳಲ್ಲಿ 100 ವೋಲ್ಟ್. ಊರಿನಲ್ಲಿ 230, ಗಲ್ಫ್‌ನ ಬಹುಪಾಲು ಕಡೆ 220ರಿಂದ 240. ಯಂತ್ರದ ಹಿಂದೆ ಬರೀ 100ವಿ ಎಂದು ಬರೆದಿದ್ದರೆ ಕುಂದಾಪುರದ ಪ್ಲಗ್‌ಗೆ ಹಾಕಿದ ಕ್ಷಣ ಸುಟ್ಟಿತು ಅಂತಲೇ ಲೆಕ್ಕ. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ಅದಕ್ಕೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಖರ್ಚೂ ತೂಕವೂ ಬೇರೆ. 100ರಿಂದ 240 ಎಂದು ಬರೆದಿದ್ದರೆ ಮಾತ್ರ ಚಿಂತೆ ಇಲ್ಲ.

ಎರಡು, ಭಾಷೆ. ಜಪಾನಿನ ಒಳಮಾರುಕಟ್ಟೆಯ ಎಷ್ಟೋ ಮಾಡೆಲ್‌ಗಳಲ್ಲಿ ಮೆನು, ರಿಮೋಟ್ ಎಲ್ಲ ಜಪಾನಿ ಲಿಪಿಯಲ್ಲೇ. ತಮ್ಮ ಮರಳಿ ಹೋದ ಮೇಲೆ ಅಮ್ಮ ಯಾರನ್ನು ಕೇಳಬೇಕು?

ಮೂರು, ರೆಕಾರ್ಡರ್ ಆಗಿದ್ದರೆ ಇನ್ನೊಂದು ಸಮಸ್ಯೆ. ಜಪಾನಿನ ಟಿವಿ ಪ್ರಸಾರದ ಪದ್ಧತಿ ಬೇರೆ, ನಮ್ಮದು ಬೇರೆ. ಅಲ್ಲಿಯ ರೆಕಾರ್ಡರ್‌ಗೆ ಕೊಟ್ಟ ದುಡ್ಡಿನ ದೊಡ್ಡ ಪಾಲು ರೆಕಾರ್ಡಿಂಗ್‌ಗೆ. ಊರಿನಲ್ಲಿ ಆ ಭಾಗ ಸಂಪೂರ್ಣ ನಿರುಪಯುಕ್ತ.

ನಾಲ್ಕು, ವಲಯದ ಬೀಗ. ಸಿನಿಮಾ ಕಂಪೆನಿಗಳು ಜಗತ್ತನ್ನು ಭಾಗ ಮಾಡಿ, ಒಂದು ಭಾಗದ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡದಂತೆ ಮಾಡಿವೆ. ಬ್ಲೂ-ರೇಯಲ್ಲಿ ಜಪಾನ್ ಎ ವಲಯ. ಗಲ್ಫ್ ಬಿ ವಲಯ. ಭಾರತ ಸಿ ವಲಯ. ನಮ್ಮ ಕಲ್ಪನೆಯ ಮನೆಯನ್ನು ಮತ್ತೊಮ್ಮೆ ನೋಡಿ: ತಮ್ಮ ಎ, ಅಣ್ಣ ಬಿ, ಅಮ್ಮ ಸಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಮೂರು ವಲಯದಲ್ಲಿ! ಬೀಗ ಹಾಕಿದ ಡಿಸ್ಕ್ ಒಂದನ್ನು ಅಣ್ಣ ದುಬೈಯಲ್ಲಿ ಕೊಂಡರೆ ತಮ್ಮ ತಂದ ಪ್ಲೇಯರ್ ಅದನ್ನು ಓದುವುದಿಲ್ಲ. ಡಿವಿಡಿಯಲ್ಲೂ ಇದೇ ಕಥೆ: ಜಪಾನ್ ಮತ್ತು ಗಲ್ಫ್ ಎರಡನೇ ವಲಯ, ಭಾರತ ಐದನೆಯದು. ಕೆಲವು ಡಿಸ್ಕ್‌ಗಳಿಗೆ ಬೀಗ ಇರುವುದಿಲ್ಲ. 4ಕೆ ಬ್ಲೂ-ರೇ ಡಿಸ್ಕ್‌ಗಳಿಗೆ ವಲಯದ ಕಾಟವೇ ಇಲ್ಲ, ಅಷ್ಟು ಸಮಾಧಾನ.

ಐದನೆಯದು ಮದುವೆ ಸಿಡಿಗೇ ಸಂಬಂಧಿಸಿದ್ದು. ನಮ್ಮೂರಿನ ವಿಡಿಯೋದವರು ಮಾಡಿಕೊಟ್ಟ ಮದುವೆ ಡಿವಿಡಿಗೆ ವಲಯದ ಬೀಗ ಇಲ್ಲ, ನಿಜ. ಆದರೆ ಅದು ಪಾಲ್ ಪದ್ಧತಿಯಲ್ಲಿ ತಯಾರಾದದ್ದು. ಭಾರತ, ಗಲ್ಫ್ ಎರಡರಲ್ಲೂ ಟಿವಿಗಳದ್ದು ಅದೇ ಪದ್ಧತಿ. ಜಪಾನಿನದ್ದು ಎನ್‌ಟಿಎಸ್‌ಸಿ. ಜಪಾನಿನ ಒಳಮಾರುಕಟ್ಟೆಗೆ ಮಾಡಿದ ಬಹುತೇಕ ಪ್ಲೇಯರ್‌ಗಳು ಪಾಲ್ ಡಿವಿಡಿಯನ್ನು ತೋರಿಸುವುದೇ ಇಲ್ಲ. ಅಂದರೆ ಯಾವ ಮದುವೆ ಸಿಡಿಗೋಸ್ಕರ ತಮ್ಮ ಅಷ್ಟು ದೂರದಿಂದ ಪ್ಲೇಯರ್ ಹೊತ್ತು ತಂದನೋ, ಅದನ್ನು ಹಾಕಿದಾಗ ಪರದೆಯ ಮೇಲೆ ಬರುವುದು ಜಪಾನಿ ಲಿಪಿಯಲ್ಲಿ ಒಂದು ಸಾಲು ಮಾತ್ರ. ಬಹುಶಃ ಅದರ ಅರ್ಥ "ಈ ಡಿಸ್ಕ್ ಓಡಿಸಲಾಗದು" ಎಂದೇ ಇರುತ್ತದೆ.

ಚಿತ್ರ ನಿಜವಾಗಿ ಚೆನ್ನಾಗಿರುತ್ತದಾ?

ಹೌದು, ಚೆನ್ನಾಗಿರುತ್ತದೆ. ಅದರಲ್ಲಿ ಮೋಸ ಇಲ್ಲ. ನಮ್ಮ ಡಿವಿಡಿಯ ಒಂದು ಚಿತ್ರದಲ್ಲಿ ಸುಮಾರು 4.15 ಲಕ್ಷ ಚುಕ್ಕಿಗಳು. ಬ್ಲೂ-ರೇಯಲ್ಲಿ ಸುಮಾರು 20.7 ಲಕ್ಷ, ಐದು ಪಟ್ಟು. 4ಕೆಯಲ್ಲಿ ಸುಮಾರು 83 ಲಕ್ಷ. ಚುಕ್ಕಿ ಮಾತ್ರ ಅಲ್ಲ, ಹರಿದು ಬರುವ ಮಾಹಿತಿಯೂ ಜಾಸ್ತಿ. ನೆಟ್‌ಫ್ಲಿಕ್ಸ್ 4ಕೆ ನೋಡಲು ಸೆಕೆಂಡಿಗೆ 15 ಮೆಗಾಬಿಟ್ ಇಂಟರ್ನೆಟ್ ಇದ್ದರೆ ಸಾಕು ಅನ್ನುತ್ತದೆ. ಸಾಮಾನ್ಯ ಬ್ಲೂ-ರೇ ಡಿಸ್ಕ್‌ನಲ್ಲಿ ಚಿತ್ರಕ್ಕೇ 40 ಮೆಗಾಬಿಟ್ ತನಕ ಜಾಗ ಇದೆ. 4ಕೆ ಡಿಸ್ಕ್‌ನಲ್ಲಿ 100 ದಾಟುತ್ತದೆ. ಕತ್ತಲೆಯ ದೃಶ್ಯ, ಮಳೆ, ಹೊಗೆ, ಧೂಳು ಇವೆಲ್ಲ ಆನ್‌ಲೈನ್‌ನಲ್ಲಿ ಚೌಕ ಚೌಕವಾಗಿ ಒಡೆದು ಕಾಣುವುದು, ಡಿಸ್ಕ್‌ನಲ್ಲಿ ಕಾಣದಿರುವುದು ಇದೇ ಕಾರಣಕ್ಕೆ. ಶಬ್ದವೂ ಹಾಗೇ.

ಆದರೆ ನೋಡುವ ಜಾಗ ಯಾವುದು? ಕಣ್ಣಿನ ಶಕ್ತಿಗೂ ಒಂದು ಮಿತಿ ಇದೆ. ಸಾಧಾರಣ ಲೆಕ್ಕದಲ್ಲಿ, 32 ಇಂಚಿನ ಟಿವಿಯಲ್ಲಿ ಫುಲ್ ಎಚ್‌ಡಿಯ ಪೂರ್ತಿ ವಿವರ ಕಾಣಬೇಕಾದರೆ ನಾಲ್ಕು ಅಡಿ ಹತ್ತಿರ ಕೂರಬೇಕು, 55 ಇಂಚಿನದಾದರೆ ಏಳು ಅಡಿ. ನಮ್ಮ ಬೆಡ್‌ಸ್ಪೇಸ್ ರೂಮಿನಲ್ಲಿ ಗೋಡೆಗೆ ತೂಗಿದ 32 ಇಂಚಿನ ಟಿವಿಯನ್ನು ಆರು ಜನ ತಮ್ಮ ತಮ್ಮ ಮಂಚದ ಮೇಲಿಂದ ನೋಡುತ್ತಾರೆ. ಆ ಟಿವಿಗಳಲ್ಲಿ ಬಹಳಷ್ಟು "ಎಚ್‌ಡಿ ರೆಡಿ", ಪೂರ್ತಿ ಎಚ್‌ಡಿಯೂ ಅಲ್ಲ. ಅಲ್ಲಿಗೆ 4ಕೆ ಪ್ಲೇಯರ್ ತಂದರೆ ಗಲ್ಲಿಯಲ್ಲಿ ಓಡಿಸಲು ರೇಸ್ ಕಾರು ಕೊಂಡ ಹಾಗೆ. ದೊಡ್ಡ ಟಿವಿ, ಒಳ್ಳೆಯ ಸ್ಪೀಕರ್, ಕತ್ತಲೆ ಮಾಡಬಹುದಾದ ಹಾಲ್ ಇದ್ದವರಿಗೆ ಮಾತ್ರ ಆ ದುಡ್ಡು ಕಣ್ಣಿಗೆ ಕಾಣುತ್ತದೆ.

"ಹಾಗಾದ್ರೆ ಟಿವಿಯನ್ನೂ ಇಲ್ಲಿಂದಲೇ ತಕೊಂಡು ಹೋಗೋಣ" ಅನ್ನುವವರಿಗೆ ಒಂದು ಮಾತು. 2013ರ ಆಗಸ್ಟ್ 26ರಿಂದ ಫ್ಲಾಟ್ ಟಿವಿಗೆ ಭಾರತದ ಕಸ್ಟಮ್ಸ್‌ನಲ್ಲಿ ಸುಂಕರಹಿತ ಬ್ಯಾಗೇಜ್ ಸೌಲಭ್ಯ ಇಲ್ಲ. ಪ್ಲೇಯರ್ ಆದರೆ ನಿಮ್ಮ ಸಾಮಾನ್ಯ ಮಿತಿಯೊಳಗೆ ಬರುತ್ತದೆ. ಆದರೆ ಅದೇ ಮಿತಿಯಲ್ಲಿ ನೀವು ಮನೆಯವರಿಗೆ ಒಯ್ಯುವ ಉಳಿದ ಸಾಮಾನೂ ಸೇರಬೇಕು.

ಹಾಕಿ ನೋಡಲು ಏನಿದೆ?

ನಮಗೆ ಬೇಕಾದ ಸಿನಿಮಾ ಡಿಸ್ಕ್‌ನಲ್ಲಿ ಸಿಗಬೇಕಲ್ಲ? ಡಿಸ್ಕ್ ಪ್ರಿಯರಿಗೆ ಇಷ್ಟವಾಗದ ಸತ್ಯ ಇದು: ಕನ್ನಡ ಸಿನಿಮಾ ಬ್ಲೂ-ರೇಯಲ್ಲಿ ಬಂದದ್ದು ಬಲು ಅಪರೂಪ. ಕನ್ನಡದ ಡಿಸ್ಕ್ ಕಾಲ ಅಂದರೆ ವಿಸಿಡಿ, ಡಿವಿಡಿಯ ಕಾಲ. 2007ರ ಆಸುಪಾಸಿನಲ್ಲಿ ಮೋಸರ್ ಬೇಯರ್ ಕಂಪೆನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿದಾಗ ನಕಲಿ ಸಿಡಿಯವರಿಗೇ ಪೈಪೋಟಿ ಹುಟ್ಟಿತ್ತು. ಆ ಬೆಲೆಗೆ ಒಗ್ಗಿದ ಮಾರುಕಟ್ಟೆಯಲ್ಲಿ ದುಬಾರಿ ಬ್ಲೂ-ರೇ ತಂದು ಕೈ ಸುಟ್ಟುಕೊಳ್ಳಲು ಯಾರೂ ಸಿದ್ಧರಿರಲಿಲ್ಲ. ಅಷ್ಟರಲ್ಲಿ ಮೊಬೈಲು, ಒಟಿಟಿ ಬಂದವು.

ಹಾಗಾಗಿ ಕನ್ನಡ ಸಿನಿಮಾಕ್ಕೋಸ್ಕರ ಬ್ಲೂ-ರೇ ಪ್ಲೇಯರ್ ಅಂದರೆ ಎಣ್ಣೆ ಇಲ್ಲದ ದೀಪ. ಇಂಗ್ಲಿಷ್, ಹಿಂದಿ, ಜಪಾನಿ ಸಿನಿಮಾ ಇಷ್ಟಪಟ್ಟು ಮತ್ತೆ ಮತ್ತೆ ನೋಡುವವರ ಮಾತು ಬೇರೆ.

ಆದರೆ ಡಿಸ್ಕ್ ಪರವಾಗಿ ಒಂದು ಗಟ್ಟಿ ವಾದ ಇದೆ, ಅದನ್ನು ಹೇಳದೆ ಬಿಟ್ಟರೆ ಅನ್ಯಾಯ. ಡಿಸ್ಕ್ ನಿಮ್ಮದು. ಒಟಿಟಿಯಲ್ಲಿರುವುದು ನಿಮ್ಮದಲ್ಲ. 2022ರ ನವೆಂಬರ್‌ನಲ್ಲಿ "ಕಾಂತಾರ" ಪ್ರೈಮ್ ವಿಡಿಯೋಗೆ ಬಂದಾಗ ಏನಾಯಿತು ನೆನಪಿಸಿಕೊಳ್ಳಿ. ಥಿಯೇಟರ್‌ನಲ್ಲಿ ಮೈ ಜುಮ್ಮೆನ್ನಿಸಿದ "ವರಾಹ ರೂಪಂ" ಹಾಡು ಅಲ್ಲಿ ಬೇರೆ ರಾಗದಲ್ಲಿ ಕೇಳಿಸಿತು. ಕೃತಿಸ್ವಾಮ್ಯದ ವ್ಯಾಜ್ಯ ಕೋರ್ಟಿನಲ್ಲಿತ್ತು, ಹಾಗಾಗಿ ಬದಲಿಸಿದ್ದರು. ಆಮೇಲೆ ಮೂಲ ಹಾಡು ಮರಳಿತು, ಸರಿ. ಆದರೆ ಅದನ್ನು ತೀರ್ಮಾನಿಸಿದ್ದು ಚಂದಾ ಕಟ್ಟಿದ ನಾವಲ್ಲ. ಇನ್ನು ಒಂದು ದೇಶದಲ್ಲಿ ಸಿಗುವ ಸಿನಿಮಾ ಇನ್ನೊಂದರಲ್ಲಿ ಸಿಗದಿರುವುದು ನಮಗೆಲ್ಲ ಗೊತ್ತಿರುವ ಸಂಕಟ. ಊರಿಗೆ ಹೋದಾಗ ಅರ್ಧ ನೋಡಿದ ಸಿನಿಮಾ ಇಲ್ಲಿಗೆ ಬಂದರೆ ಮಾಯ. ವಲಯದ ಬೀಗ ಡಿಸ್ಕ್‌ನಿಂದ ಇಂಟರ್ನೆಟ್‌ಗೆ ಜಾಗ ಬದಲಿಸಿದೆ, ಹೋಗಿಲ್ಲ.

ಅದಕ್ಕೆ ವಿಪಿಎನ್ ಹಾಕಿದರಾಯಿತು ಅನ್ನುವ ಗೆಳೆಯರು ರೂಮಿಗೊಬ್ಬರು ಇರುತ್ತಾರೆ. ಯುಎಇಯಲ್ಲಿ ಇರುವವರು ಹುಷಾರು. ಅಪರಾಧ ಎಸಗಲು ಅಥವಾ ಅದು ಬಯಲಾಗದಂತೆ ತಡೆಯಲು ಐಪಿ ವಿಳಾಸ ಮರೆಮಾಚಿದರೆ 2021ರ ಸೈಬರ್ ಕಾಯ್ದೆಯಲ್ಲಿ ದಂಡ 5 ಲಕ್ಷದಿಂದ 20 ಲಕ್ಷ ದಿರ್ಹಮ್, ಜೈಲು ಕೂಡ ಆಗಬಹುದು. ಒಂದು ಸಿನಿಮಾಕ್ಕೆ ಅಷ್ಟು ದೊಡ್ಡ ಅಪಾಯ ಬೇಡ.

ನೀವೇ ಲೆಕ್ಕ ಹಾಕಿ

ಅಂಗಡಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಈ ಲೆಕ್ಕ ಬರೆಯಿರಿ. ಅಂಕಿ ನಿಮ್ಮದೇ ಹಾಕಿ, ಇಲ್ಲಿರುವುದು ಉದಾಹರಣೆಗೆ ಮಾತ್ರ. ಪ್ಲೇಯರ್ 400 ದಿರ್ಹಮ್ ಅಂತಿಟ್ಟುಕೊಳ್ಳಿ. ಮೂರು ವರ್ಷ ಬಾಳಿಕೆ. ತಿಂಗಳಿಗೊಂದು ಡಿಸ್ಕ್, ಒಟ್ಟು 36. ಡಿಸ್ಕ್ ಒಂದಕ್ಕೆ 60 ದಿರ್ಹಮ್. ಪ್ಲೇಯರ್‌ನ ಪಾಲು ಸಿನಿಮಾಕ್ಕೆ 11 ದಿರ್ಹಮ್, ಡಿಸ್ಕ್ ಸೇರಿ 71. ನಾಲ್ಕು ಜನರ ಸಂಸಾರ ಒಟ್ಟಿಗೆ ಕೂತು, ಒಂದೊಂದನ್ನು ಎರಡೆರಡು ಸಲ ನೋಡಿದರೆ ಇದು ದುಬಾರಿಯಲ್ಲ. ಒಬ್ಬನೇ ಒಂದು ಸಲ ನೋಡಿ ಕಪಾಟಿಗೆ ಹಾಕುವುದಾದರೆ ಥಿಯೇಟರ್ ಟಿಕೆಟೇ ಲೇಸು.

ಈಗ ತಿಂಗಳಿಗೊಂದರ ಬದಲು ವರ್ಷಕ್ಕೆ ಎರಡು ಅಂತ ಬದಲಿಸಿ. ಮೂರು ವರ್ಷಕ್ಕೆ ಆರು ಸಿನಿಮಾ. ಪ್ಲೇಯರ್‌ನ ಪಾಲೇ ಸಿನಿಮಾಕ್ಕೆ 67 ದಿರ್ಹಮ್‌ಗೆ ಏರುತ್ತದೆ, ಡಿಸ್ಕ್ ಸೇರಿದರೆ 127. ಕೊಂಡ ಹುರುಪಿನಲ್ಲಿ ಎಲ್ಲರೂ ತಿಂಗಳಿಗೊಂದು ಅನ್ನುತ್ತಾರೆ, ನಿಜದಲ್ಲಿ ನೋಡುವುದು ವರ್ಷಕ್ಕೆ ಎರಡು. ಮೋಸ ಆಗುವುದು ಇಲ್ಲೇ.

ಇನ್ನೊಂದು ವಿಷಯ. ಮನೆಯಲ್ಲಿ ಡಿಸ್ಕ್ ಹಾಕುವ ಪ್ಲೇಸ್ಟೇಷನ್ 4 ಇದ್ದರೆ ಅದೇ ಬ್ಲೂ-ರೇ ಪ್ಲೇಯರ್. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಆದರೆ 4ಕೆ ಡಿಸ್ಕ್ ಕೂಡ ಓಡುತ್ತದೆ. ಮಕ್ಕಳಿಗೆ ಅಂತ ಕೊಂಡ ಯಂತ್ರ ಮೂಲೆಯಲ್ಲಿರುವಾಗ ಇನ್ನೊಂದು ಕೊಳ್ಳಬೇಡಿ.

ಅಮ್ಮನ ಕಪಾಟು

ಈಗ ಅಸಲಿ ವಿಷಯಕ್ಕೆ ಬರೋಣ. ಅಮ್ಮ ಕೇಳಿದ್ದು ಬ್ಲೂ-ರೇಯನ್ನೂ ಅಲ್ಲ, 4ಕೆಯನ್ನೂ ಅಲ್ಲ. ಅವರಿಗೆ ಬೇಕಾದದ್ದು ಮಗನ ಮದುವೆ. ಆ ವಿಡಿಯೋದಲ್ಲಿ ಧಾರೆಯ ಹೊತ್ತಿಗೆ ಅಪ್ಪ ಪಕ್ಕದಲ್ಲಿ ನಿಂತಿದ್ದಾರೆ, ಈಗ ಅವರಿಲ್ಲ. ನಮ್ಮಲ್ಲಿ ಅನೇಕರು ಅಪ್ಪ ಅಮ್ಮನ ಕೊನೆಯ ದಿನಗಳಿಗೆ ಊರಿನಲ್ಲಿ ಇರಲಾಗಲಿಲ್ಲ. ಅವರ ನಡಿಗೆ, ದನಿ ಉಳಿದಿರುವುದು ಕಪಾಟಿನಲ್ಲಿ ಸೀರೆಯ ಅಡಿಯಲ್ಲಿಟ್ಟ ಆ ಒಂದು ಡಿಸ್ಕ್‌ನಲ್ಲಿ. ನಷ್ಟದ ಭಯ ಇರಬೇಕಾದದ್ದು ಇದರ ಬಗ್ಗೆ.

ಯಾಕೆಂದರೆ ಮನೆಯಲ್ಲಿ ಬರೆದ ಸಿಡಿ, ಡಿವಿಡಿಗಳಲ್ಲಿ ಮಾಹಿತಿ ಇರುವುದು ಒಂದು ತೆಳು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಶತ್ರು. ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುವಾಗ ಡಿಸ್ಕ್‌ಗೆ ಹಿಡಿಯದೇ ಇರುತ್ತದಾ? ಕೊಂಡಾಗ ನೂರು ವರ್ಷ ಅಂದಿರಬಹುದು, ಅದು ತಂಪಾದ ಒಣ ಕೋಣೆಯ ಮಾತು. ಪದರ ಮಾಸಿದ ಮೇಲೆ ಎಂಥ ದುಬಾರಿ ಪ್ಲೇಯರ್ ತಂದರೂ ಚಿತ್ರ ಮರಳುವುದಿಲ್ಲ. ಇನ್ನೂ ಒಂದು ತಪ್ಪು ಕಲ್ಪನೆ: ಬ್ಲೂ-ರೇ ಪ್ಲೇಯರ್‌ನಲ್ಲಿ ಹಾಕಿದರೆ ಹಳೆಯ ಡಿವಿಡಿ ಎಚ್‌ಡಿ ಆಗುವುದಿಲ್ಲ. ಚಿತ್ರವನ್ನು ಹಿಗ್ಗಿಸಿ ನಯ ಮಾಡುತ್ತದೆ ಅಷ್ಟೆ, ಇಲ್ಲದ ವಿವರವನ್ನು ಹುಟ್ಟಿಸುವುದಿಲ್ಲ.

ಇದಕ್ಕೆ ಬೇಕಾದ ಸಾಮಾನು ಚಿಕ್ಕದು: ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಯುಎಸ್‌ಬಿ ಡಿವಿಡಿ ಡ್ರೈವ್. ಕರೆಂಟು ಲ್ಯಾಪ್‌ಟಾಪ್‌ನಿಂದಲೇ ಬರುತ್ತದೆ, ಹಾಗಾಗಿ 100 ವೋಲ್ಟ್, 230 ವೋಲ್ಟ್ ರಗಳೆ ಇಲ್ಲ. ಕಂಪ್ಯೂಟರ್‌ಗೆ ಪಾಲ್, ಎನ್‌ಟಿಎಸ್‌ಸಿ ಭೇದವೂ ಇಲ್ಲ. ಗ್ಯೋಟೋಕುವಿನಲ್ಲಿ ಕೊಂಡರೂ, ಶಾರ್ಜಾದಲ್ಲಿ ಕೊಂಡರೂ, ಉಡುಪಿಯಲ್ಲಿ ಕೊಂಡರೂ ಒಂದೇ.

ಮಾಡುವ ಕ್ರಮ ಇಷ್ಟು. ಡಿಸ್ಕ್ ಅನ್ನು ಮೆತ್ತನೆಯ ಒಣ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿ ಸುತ್ತಿ ಒರೆಸಬೇಡಿ. ಡ್ರೈವ್‌ಗೆ ಹಾಕಿದರೆ ಡಿವಿಡಿಯಲ್ಲಿ "ವಿಡಿಯೋ ಟಿಎಸ್" ಎಂಬ ಫೋಲ್ಡರ್ ಕಾಣುತ್ತದೆ. ಅದನ್ನು ಇಡಿಯಾಗಿ ಕಂಪ್ಯೂಟರ್‌ಗೆ ನಕಲು ಮಾಡಿ. ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಕೊನೆತನಕ ಓಡುತ್ತದಾ ಅಂತ ನೋಡಿ. ಟಿವಿಯ ಯುಎಸ್‌ಬಿ ಕಿಂಡಿಗೆ ಹಾಕಿ ನೋಡಬೇಕಾದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಂಪಿ4 ಮಾಡಿಕೊಳ್ಳಿ. ಒಂದು ಸಾಮಾನ್ಯ ಡಿವಿಡಿ ಹೆಚ್ಚೆಂದರೆ 4.7 ಜಿಬಿ. 64 ಜಿಬಿಯ ಪೆನ್ ಡ್ರೈವ್‌ನಲ್ಲಿ ಹನ್ನೆರಡು ಡಿಸ್ಕ್ ಹಿಡಿಸುತ್ತದೆ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಬಂತು.

ಪೆನ್ ಡ್ರೈವ್ ಒಂದನ್ನೇ ನಂಬಬೇಡಿ, ಅದೂ ಕೆಡುತ್ತದೆ. ಒಂದು ನಕಲು ಅಮ್ಮನ ಹತ್ತಿರ, ಒಂದು ಹಾರ್ಡ್ ಡಿಸ್ಕ್‌ನಲ್ಲಿ ಅಣ್ಣನ ಹತ್ತಿರ, ಒಂದು ತಮ್ಮನ ಹತ್ತಿರ. ಮೂರು ದೇಶದಲ್ಲಿ ಹಂಚಿಹೋದ ಸಂಸಾರಕ್ಕೆ ಇದೊಂದು ಅನುಕೂಲ: ಒಂದು ಮನೆಗೆ ನೀರು ನುಗ್ಗಿದರೂ ಉಳಿದ ಎರಡು ಕಡೆ ಇರುತ್ತದೆ. ಮೂಲ ಡಿಸ್ಕ್ ಎಸೆಯಬೇಡಿ. ವಿಎಚ್‌ಎಸ್ ಕ್ಯಾಸೆಟ್ ಇದ್ದರೆ ಅದಕ್ಕೆ ಇನ್ನೂ ಅವಸರ. ಅದನ್ನು ಓಡಿಸುವ ಯಂತ್ರ ಹೊಸದಾಗಿ ತಯಾರಾಗದೆ ವರ್ಷಗಳೇ ಆದವು. ವಿಸಿಆರ್ ಇಟ್ಟುಕೊಂಡಿರುವ ಸ್ಟುಡಿಯೋ ನಿಮ್ಮ ಪೇಟೆಯಲ್ಲಿ ಇನ್ನೂ ಇದ್ದರೆ ಈ ರಜೆಯಲ್ಲೇ ಹೋಗಿ. ಇದೆಲ್ಲ ನಿಮ್ಮ ಸ್ವಂತ ವಿಡಿಯೋಗಳ ಮಾತು. ಕೊಂಡ ಸಿನಿಮಾ ಡಿಸ್ಕ್‌ನ ಬೀಗ ಮುರಿದು ನಕಲು ಮಾಡುವುದು ಕಾನೂನಿಗೆ ವಿರುದ್ಧ.

ಹಾಗಾದರೆ ಯಾರು ಕೊಳ್ಳಬೇಕು?

55 ಇಂಚು ಅಥವಾ ಅದಕ್ಕಿಂತ ದೊಡ್ಡ ಟಿವಿ ಇದೆ, ಒಂದೇ ದೇಶದಲ್ಲಿ ಇನ್ನೂ ಕೆಲವು ವರ್ಷ ಸಂಸಾರ ಸಮೇತ ಇರುತ್ತೀರಿ, ಮತ್ತೆ ಮತ್ತೆ ನೋಡುವ ಸಿನಿಮಾಗಳ ಪಟ್ಟಿ ನಿಮ್ಮ ಹತ್ತಿರ ಇದೆ, ಅವು ಡಿಸ್ಕ್‌ನಲ್ಲಿ ಸಿಗುತ್ತವೆ. ಈ ನಾಲ್ಕಕ್ಕೂ ಹೌದು ಅನ್ನುವವರು ಧೈರ್ಯವಾಗಿ ಕೊಳ್ಳಿ. ಆದರೆ ನೀವು ಇರುವ ದೇಶದ ಮಾರುಕಟ್ಟೆಯದ್ದೇ ಕೊಳ್ಳಿ, 4ಕೆ ಓಡಿಸುವಂಥದ್ದನ್ನೇ ಕೊಳ್ಳಿ. ಒಂದಕ್ಕೆ ಇಲ್ಲ ಅಂದರೂ ದುಡ್ಡು ಉಳಿಸಿ. ಬೇರೆ ದೇಶದಿಂದ ಊರಿಗೆ ಉಡುಗೊರೆಯಾಗಿ ಹೊತ್ತು ತರುವ ಸಾಮಾನಂತೂ ಇದಲ್ಲವೇ ಅಲ್ಲ.

ತಮ್ಮನ ಫೋನ್‌ಗೆ ಅಣ್ಣ ಹೇಳಬೇಕಾದ ಉತ್ತರ ಇಷ್ಟೇ: "ಪ್ಲೇಯರ್ ಬೇಡ ಮಾರಾಯ. ಒಂದು ಯುಎಸ್‌ಬಿ ಡ್ರೈವ್ ತಾ, ನಾನು ಹಾರ್ಡ್ ಡಿಸ್ಕ್ ತರ್ತೇನೆ. ಮೊದಲ ದಿನವೇ ಕೂತು ಕಾಪಿ ಮಾಡುವ. ಮತ್ತೆ ಅಮ್ಮನ ಹತ್ರ ಹೇಳು, ಆ ಡಿಸ್ಕ್ ಅನ್ನು ಸೀರೆ ಅಡಿಯಿಂದ ತೆಗೆದು ಒಣ ಜಾಗದಲ್ಲಿ ಇಡ್ಲಿ."